ಡಲ್ಸಿ ಮಂಜುಭೂತವನ್ನು ಓಡಿಸಿದ್ದು

ಸ್ಕಲ್ಪಿನ್ ಕೊಲ್ಲಿಯ ಬಾಯಿಗೆ ಮಂಜುಭೂತ ಅಡ್ಡ ಕೂತು ಅಂದಿಗೆ ಐದು ದಿನ. ಮೀನು ಹಿಡಿಯಲು ಹೋಗಿದ್ದ ಗಸ್ ಪಾರ್ಡಿ ಅದರಾಚೆಯೇ ಉಳಿದಿದ್ದ. ಅವನ ದೋಣಿಯಲ್ಲಿದ್ದ ಕುಡಿಯುವ ನೀರು ಮೂರೇ ದಿನಕ್ಕೆ ಸಾಕಾಗುವಷ್ಟು.

ದಡದ ದೋಣಿಕಟ್ಟೆಯ ಮೇಲೆ ಗಂಡಸರು ಟೀ ಕುಡಿಯುತ್ತ ಗಂಭೀರವಾಗಿ ಯೋಚಿಸುತ್ತಿದ್ದರು. ಗಸ್‌ನ ಮಗಳು, ಹದಿಮೂರರ ಡಲ್ಸಿ, ಮೀನಿನ ತಲೆ ತೆಗೆಯುವ ಕೂಲಿಯವಳು. ಏಪ್ರನ್ ಬಿಚ್ಚದೆಯೇ ಎದ್ದಳು.

"ಯೋಚ್ನೆ ಮುಗಿದ್ಮೇಲೆ ಹೇಳಿ. ಅಷ್ಟ್ರಲ್ಲಿ ನಾನು ಅಪ್ಪನ್ನ ಕರ್ಕೊಂಡ್ ಬರ್ತೀನಿ."

"ಯಾರ ದೋಣೀಲಿ ಹೋಗ್ತೀಯೇ?" ಮುದುಕ ಆಂಬ್ರೋಸ್ ಕೇಳಿದ.

"ನಿಂದ್ರಲ್ಲೇ, ಮಾಮ."

"ಹಂಗಾದ್ರೆ ನಾನೂ ಬರ್ಬೇಕಾಯ್ತು. ದೋಣಿ ಯಾರಿಗೂ ಕೊಡಲ್ಲ ನಾನು."

ಕೊಲ್ಲಿ ದಾಟಿದರೆ ಬಂಡೆಯಿಲ್ಲ, ಆಕಾಶವಿಲ್ಲ, ದೋಣಿಯ ಮೂತಿಯೂ ಕಾಣದು. ಕಡಲಹಕ್ಕಿಗಳು ಹಾರಲು ಜಾಗವಿಲ್ಲದೆ ನೀರಿನ ಮೇಲೆ ನಡೆದುಕೊಂಡೇ ಮನೆಗೆ ಹೋಗುತ್ತಿದ್ದವು. ಡಲ್ಸಿ ಮೀನಿನ ಚೂರಿಯಿಂದ ಮಂಜನ್ನು ಬಾಗಿಲಿನಷ್ಟಗಲದ ಹೋಳುಗಳಾಗಿ ಕೊಯ್ದು ಪಕ್ಕಕ್ಕೆ ತಳ್ಳಿದಳು. ತೆರೆದ ಓಣಿಯಲ್ಲಿ ಆಂಬ್ರೋಸ್ ಹುಟ್ಟು ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಚೂರಿ ಯಾವುದಕ್ಕೋ ತಗುಲಿತು. ಅದು ಭೂತದ ಮೊಣಕಾಲು.

ಭೂತ ಎದ್ದು ನಿಂತಿತು. ಅದರ ಮುಷ್ಟಿಯೊಳಗಿನಿಂದ ಅಪ್ಪನ ದನಿ ಬಂತು: "ಯಾರದು? ನೀರಿದ್ಯಾ?"

ಡಲ್ಸಿ ಮುಷ್ಟಿಯನ್ನು ಕೊಯ್ದಳು. ಗಾಯ ಕೂಡಿಕೊಂಡಿತು. ಮತ್ತೆ ಕೊಯ್ದಳು. ಮತ್ತೆ ಕೂಡಿಕೊಂಡಿತು. ಭೂತದ ಇನ್ನೊಂದು ಕೈ ದೋಣಿಯನ್ನು ಎತ್ತಿ ಓರೆ ಮಾಡಿತು. ಬುತ್ತಿ ಜಾರಿ ನೀರಿಗೆ ಬಿತ್ತು.

"ಅಯ್ಯೋ, ನನ್ನ ಹಂದಿ ಮಾಂಸ!" ಎಂದು ಕೂಗಿದ ಆಂಬ್ರೋಸ್, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ದೋಣಿಯಲ್ಲಿ ಹಂದಿಯ ಹೆಸರೆತ್ತಿದರೆ ಬಿರುಗಾಳಿ ಏಳುತ್ತದೆ. ಅದಕ್ಕೇ ಕೊಲ್ಲಿಯವರೆಲ್ಲ 'ಸುರುಳಿಬಾಲದೋನು' ಅನ್ನುವುದು. ಎದ್ದೇಬಿಟ್ಟಿತು ಗಾಳಿ. ಆಂಬ್ರೋಸನ ಟೋಪಿ ಹಾರಿತು, ಅದರ ಹಿಂದೆಯೇ ಭೂತದ ಒಂದು ಕಿವಿ.

"ಮಾಮ, ಇನ್ನೊಂದ್ಸಲ ಹೇಳು!"

"ಸತ್ರೂ ಹೇಳಲ್ಲ. ಮುಳುಗೋಗ್ತೀವಿ ಕಣೇ!"

"ಹಂಗಾದ್ರೆ ಗಟ್ಟಿಯಾಗಿ ಹಿಡ್ಕೋ."

ಡಲ್ಸಿ ಎದ್ದು ನಿಂತಳು. "ಹಂದಿ! ಗಂಡು ಹಂದಿ! ಹೆಣ್ಣು ಹಂದಿ! ಹನ್ನೆರಡು ಹಂದಿಮರಿ!"

ಒಂದೊಂದು ಹಂದಿಗೆ ಒಂದೊಂದು ದಿಕ್ಕಿನ ಗಾಳಿ ಬಂತು. ಭೂತದ ತಲೆ ಉತ್ತರಕ್ಕೆ ಹೋಯಿತು, ಕಾಲು ದಕ್ಷಿಣಕ್ಕೆ. ಮುಷ್ಟಿ ಬಿಚ್ಚಿಕೊಂಡಿತು. ಅಪ್ಪನ ದೋಣಿ ದೊಪ್ಪನೆ ತೆರೆಯ ಮೇಲೆ ಬಿದ್ದು ಎರಡಾಯಿತು.

ಹಗ್ಗ ಎಸೆದು ಅವನನ್ನು ಎಳೆದುಕೊಂಡರು. ಒಂದು ಹುಟ್ಟು ಮುರಿಯಿತು. ನೀರು ಮೊಣಕಾಲಿಗೆ ಬಂತು. ಆಂಬ್ರೋಸ್ ಬೂಟಿನಿಂದ ಮೊಗೆದು ಚೆಲ್ಲಿದ. ಉಳಿದೊಂದು ಹುಟ್ಟನ್ನು ಡಲ್ಸಿ ಅಂಗೈ ಸುಲಿದರೂ ಬಿಡಲಿಲ್ಲ. ಸಂಜೆಗೆ ಕಟ್ಟೆಯ ಮೇಲಿನ ಜನ ಟೋಪಿ ಬೀಸುವುದು ಕಂಡಿತು.

ಅಪ್ಪ ಡಲ್ಸಿ ತಂದಿದ್ದ ನೀರಿನ ಡಬ್ಬಿ ಖಾಲಿ ಮಾಡಿ ಬಾಯಿ ಒರೆಸಿಕೊಂಡ.

"ಮುಷ್ಟಿಯೊಳಗೆ ನಂಗೆ ಸರಿಯಾಗಿ ಕೇಳ್ಲಿಲ್ಲ ಮಗಳೇ. ಅಂಥಾದ್ದೇನಂದೆ ಅದಕ್ಕೆ?"

"ದಡ ಮುಟ್ಲಿ ಇರು ಅಪ್ಪ," ಅಂದಳು ಡಲ್ಸಿ. "ದೋಣೀಲಿ ಹೇಳೋ ಮಾತಲ್ಲ."