ಅರ್ಧ ಮಾತ್ರೆ ಹೆಚ್ಚು

"ಇಬ್ಬರೂ ಸೇರಿ ಎಪ್ಪತ್ತೈದು ಕೆಜಿ," ಎಂದ ಡಾಕ್ಟರ್, ಬಗ್ಗಿ ಯಂತ್ರದ ಮುಳ್ಳನ್ನು ನೋಡುತ್ತಾ. ಆಮೇಲೆ ತಲೆಯೆತ್ತಿದ. "ನಿಮ್ಮ ತೂಕ ಎಷ್ಟು? ಅದನ್ನ ಕಳೆದ್ರೆ ಇವನದ್ದು ಸಿಗತ್ತೆ."

ಆ ಕಣ್ಣುಗಳನ್ನು ಅವಳು ಇಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ.

ನಾಯಿಯನ್ನು ಎದೆಗವಚಿಕೊಂಡು ಅವಳು ತೂಕದ ಯಂತ್ರದ ಮೇಲೆ ನಿಂತಿದ್ದಳು. ಒಂಟಿಯಾಗಿ ಅದನ್ನು ಹತ್ತಲು ಮಂತ್ರಿ ಸುತರಾಂ ಒಪ್ಪಿರಲಿಲ್ಲ. ಹನ್ನೊಂದು ವರ್ಷದ ನಾಯಿ. ಯಾರು ಏನು ಹೇಳಿದರೂ ತಲೆಯಾಡಿಸುತ್ತಾನೆಂದು ದೊಡ್ಡಮ್ಮ ಇಟ್ಟ ಹೆಸರು ಅದು.

ಅವಳದು ಹೊಲಿಗೆ ಅಂಗಡಿ. ಬಾಯಿಮಾತಿನ ಅಳತೆ ನಂಬಿ ಕತ್ತರಿ ಹಾಕಿದರೆ ಬಟ್ಟೆ ಹಾಳಾಗುತ್ತದೆಂದು ಹತ್ತು ವರ್ಷದಿಂದ ಬಲ್ಲಳು. ಸೊಂಟದ ವಿಷಯದಲ್ಲಿ ನಿಜ ನುಡಿಯುವವರನ್ನು ಅವಳಿನ್ನೂ ಕಂಡಿಲ್ಲ.

ಆದರೂ ಈಗ ಅವಳ ಬಾಯಿಂದಲೇ ಬಂತು...

"ಐವತ್ತನಾಲ್ಕು."

ಉಳಿದ ಏಳು ಕೆಜಿಯನ್ನು ಎಲ್ಲಿ ಬಚ್ಚಿಟ್ಟಳೋ ಅವಳಿಗೇ ತಿಳಿಯದು.

ಡಾಕ್ಟರ್ ಏನೋ ಕೇಳಲೆಂದು ಬಾಯಿ ತೆರೆದವನು, ಅವಳ ಕೆನ್ನೆ ಕೆಂಪಾದದ್ದನ್ನು ಕಂಡು ಸುಮ್ಮನಾದ. "ಹಾಗಾದ್ರೆ ಇಪ್ಪತ್ತೊಂದು," ಎಂದು ಚೀಟಿಯಲ್ಲಿ ಬರೆದ. "ನಿಮ್ಮನೆ ಎದುರಿನ ಕಟ್ಟಡ ಕೆಡವೋ ಯಂತ್ರ ಶುರುವಾಗೋ ಮುಂಚೆ, ಒಂದೂವರೆ ಮಾತ್ರೆ. ಹೆದರಿಕೆ ಇಳಿದು ಮಂಪರು ಬರತ್ತೆ. ನೀವೂ ಸ್ವಲ್ಪ ನಿದ್ದೆ ಮಾಡಿ."

*ನಾನು ನಿದ್ದೆಗೆಟ್ಟಿದ್ದು ಇವನಿಗೆ ಹೇಗೆ ಗೊತ್ತು?*

ದಾರಿಯುದ್ದಕ್ಕೂ ಅದೊಂದೇ ಮಾತು ಅವಳ ಕಿವಿಯಲ್ಲಿ, ತಿರುತಿರುಗಿ ಬರುವ ಪದ್ಯದ ಸಾಲಿನಂತೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಮಾತ್ರೆ ಕೊಟ್ಟಳು. ಒಂಬತ್ತಕ್ಕೆ ಎದುರಿನ ಗೋಡೆಗಳು ಉರುಳತೊಡಗಿದವು. ನಾಲ್ಕು ದಿನದಿಂದ ಮಂಚದಡಿ ನಡುಗುತ್ತಿದ್ದ ಮಂತ್ರಿ ಹೊಲಿಗೆ ಯಂತ್ರದ ಪಕ್ಕದ ಚಾಪೆಯಲ್ಲಿ ಕಾಲು ಚಾಚಿ ಮಲಗಿದ.

"ಪಾಪ, ಮಲಗಲಿ ಬಿಡು ಪುಟ್ಟಿ," ಎಂದರು ದೊಡ್ಡಮ್ಮ. "ಅವನಿಗೆ ಸಿಕ್ಕ ಮಾತ್ರೆ ನನಗೂ ಒಂದು ಬರೆಸಿಕೊಂಡು ಬರಬಾರದಿತ್ತಾ?"

ಮಧ್ಯಾಹ್ನ ಕೆಲಸಗಾರರು ಊಟಕ್ಕೆ ಕುಳಿತಾಗ ಯಂತ್ರ ನಿಂತಿತು. ಒಮ್ಮೆಲೇ ಬೀದಿಯೆಲ್ಲ ನೀರಿನೊಳಗೆ ಮುಳುಗಿದಷ್ಟು ನಿಶ್ಶಬ್ದ. ಕಿಟಕಿಯ ಬಿಸಿಲಿನಲ್ಲಿ ಧೂಳಿನ ಕಣಗಳು ಮೆಲ್ಲಗೆ ತೇಲುತ್ತಿದ್ದವು. ಆ ನಿಶ್ಶಬ್ದದಲ್ಲಿ ಅವಳಿಗೆ ನಾಯಿಯ ಉಸಿರು ಕೇಳಿಸಿತು. ಒಂದು... ಬಹಳ ಹೊತ್ತಿನ ನಂತರ ಇನ್ನೊಂದು.

"ಮಂತ್ರಿ... ಲೋ ಮಂತ್ರಿ."

ಕಿವಿಯ ತುದಿ ಕೂಡ ಅಲುಗಲಿಲ್ಲ. ತುಟಿ ಎತ್ತಿ ನೋಡಿದಳು. ಒಸಡು ಬಿಳಿಚಿಕೊಂಡಿತ್ತು. ಪಾದಗಳು ತಣ್ಣಗಿದ್ದವು. ಗಡಿಯಾರ ನೋಡಿ ಎಣಿಸಿದಳು. ನಿಮಿಷಕ್ಕೆ ಒಂಬತ್ತೇ ಉಸಿರು.

*ದೇವರೇ, ನನ್ನ ಕೈಯಾರೆ ಕೊಟ್ಟೆನಲ್ಲ...*

ತಕ್ಷಣ ಫೋನ್ ಮಾಡಿದಳು.

"ಬರೆದಷ್ಟೇ ಕೊಟ್ಟಿದ್ದೀರಾ?" ಆ ಕಡೆಯಿಂದ ಡಾಕ್ಟರ್ ಕೇಳಿದ.

"ಅಷ್ಟೇ ಕೊಟ್ಟಿರೋದು."

"ಅವನ ತೂಕಕ್ಕೆ ಅದು ಹೆಚ್ಚಾಗಬಾರದು..."

"ಆಗಬಾರದು ಅಂದ್ರೆ? ಇಲ್ಲಿ ಕಣ್ಣೇ ಬಿಡ್ತಿಲ್ಲ ಅವನು. ವಯಸ್ಸಾದ ಜೀವ ಅಂತ ನಿಮಗೆ ಗೊತ್ತಿರಲಿಲ್ವಾ? ಹೊರಗೆ ಜನ ಸಾಲು ನಿಂತಿದ್ರು ಅಂತ ಬೇಗ ಬೇಗ ಬರೆದು ಕಳಿಸಿಬಿಟ್ರಿ. ಇವನಿಗೇನಾದ್ರೂ ಆದ್ರೆ ನಾನು ನಿಮ್ಮ ಮುಖ ನೋಡಲ್ಲ."

ಆ ಕಡೆ ಚೀಲದ ಜಿಪ್ ಎಳೆದ ಸದ್ದು.

"ಬರ್ತಿದ್ದೀನಿ. ಬೆಚ್ಚಗೆ ಏನಾದ್ರೂ ಹೊದಿಸಿ. ಬಾಯಿಗೆ ನೀರು ಹಾಕಬೇಡಿ."

ಹತ್ತೇ ನಿಮಿಷದಲ್ಲಿ ಬಂದ. ಏದುಸಿರು ಬಿಡುತ್ತಾ ಚಾಪೆಯ ಪಕ್ಕ ಮಂಡಿಯೂರಿದ. ಎದೆಬಡಿತ ಕೇಳಿದ, ರೆಪ್ಪೆ ಬಿಡಿಸಿದ. ಮಗ್ಗುಲು ಬದಲಿಸಲೆಂದು ಮಂತ್ರಿಯನ್ನು ಎತ್ತಿದವನ ಕೈ ಅರ್ಧದಲ್ಲೇ ನಿಂತಿತು.

"ಇವನು ಇಪ್ಪತ್ತೊಂದು ಕೆಜಿ ಇಲ್ಲ." ಅವನ ಮುಖ ಬಿಳಿಚಿತು. "ನಾನು ಮುಳ್ಳು ತಪ್ಪಾಗಿ ಓದಿದೀನಿ. ನೀವು ಬೈದಿದ್ದು ಸರಿ. ತಪ್ಪು ನನ್ನದೇ."

ಆಗ ಹೊಳೆಯಿತು ಅವಳಿಗೆ.

ಎಪ್ಪತ್ತೈದರಲ್ಲಿ ಐವತ್ತನಾಲ್ಕು ಕಳೆದರೆ... ಅಯ್ಯೋ, ತಾನು ಬಚ್ಚಿಟ್ಟ ಏಳು ಕೆಜಿ ಹೋಗಿ ಕುಳಿತದ್ದು ಈ ಮೂಕಜೀವದ ಮೇಲೆ.

"ಮಂಪರು ಇಳಿಸೋ ಇಂಜೆಕ್ಷನ್ ತಂದಿದ್ದೀನಿ," ಎನ್ನುತ್ತಿದ್ದ ಡಾಕ್ಟರ್, ಚೀಲ ತಡಕುತ್ತಾ. "ಆದ್ರೆ ಈ ವಯಸ್ಸಿಗೆ ಅದೂ ಹೃದಯಕ್ಕೆ ಭಾರ. ಮೈಗೆ ಎಷ್ಟು ಔಷಧಿ ಹೋಗಿದೆ ಅಂತ ಸರಿಯಾಗಿ ಗೊತ್ತಾಗದೆ ಚುಚ್ಚೋಕೆ ಧೈರ್ಯ ಬರ್ತಿಲ್ಲ. ಮೊದಲು ಆಸ್ಪತ್ರೆಗೆ ಒಯ್ದು ತೂಕ..."

ಅವಳು ಬಾಯಿ ಬಿಡದಿದ್ದರೆ ಅವಳ ಮಾನ ಉಳಿಯುತ್ತಿತ್ತು. ತಪ್ಪಿನ ಮೂಟೆಯನ್ನು ಅವನಾಗಲೇ ಹೊತ್ತುಕೊಂಡಿದ್ದ.

"ಅರವತ್ತೊಂದು," ಎಂದಳು.

"ಏನು?"

"ನೀವು ಸರಿಯಾಗೇ ಓದಿದ್ರಿ. ನಾನು ಅರವತ್ತೊಂದು ಕೆಜಿ. ಐವತ್ತನಾಲ್ಕು ಅಂತ... ಸುಳ್ಳು ಹೇಳಿದೆ."

ದೊಡ್ಡಮ್ಮ ಕನ್ನಡಕ ಮೇಲೇರಿಸಿದರು. "ಐವತ್ತನಾಲ್ಕಾ? ಅದು ನೀನು ಹೈಸ್ಕೂಲಿನಲ್ಲಿದ್ದಾಗಿನ ಮಾತಲ್ವೇನೇ?"

ಡಾಕ್ಟರ್ ನಗಲಿಲ್ಲ. ತುಟಿಯಲ್ಲೇ ಲೆಕ್ಕ ಹಾಕಿದ. "ಹದಿನಾಲ್ಕು ಕೆಜಿ. ಅಂದ್ರೆ ಇವನಿಗೆ ಒಂದೇ ಮಾತ್ರೆ ಸಾಕಿತ್ತು. ಅರ್ಧ ಹೆಚ್ಚಾಗಿದೆ..." ದೀರ್ಘವಾಗಿ ಉಸಿರು ಬಿಟ್ಟ. "ಅರ್ಧ ಅಷ್ಟೇ. ಎದೆಬಡಿತ ನಿಧಾನ ಇದ್ರೂ ಏರುಪೇರಿಲ್ಲ. ಇಂಜೆಕ್ಷನ್ ಬೇಡ. ತಾನಾಗೇ ಇಳಿಯತ್ತೆ. ಆದ್ರೆ ಎದ್ದೇಳೋ ತನಕ ಉಸಿರು ಎಣಿಸ್ತಾ ಇರಬೇಕು. ಎಂಟಕ್ಕಿಂತ ಕೆಳಗೆ ಹೋದ್ರೆ ಆಗ ನೋಡೋಣ."

ಇಬ್ಬರೂ ಚಾಪೆಯ ಆಚೆ ಈಚೆ ಕುಳಿತರು. ಯಂತ್ರ ಮತ್ತೆ ಶುರುವಾಯಿತು, ಆದರೆ ಬಹುದೂರದ ಯಾವುದೋ ಲೋಕದಲ್ಲಿ ಎಂಬಂತೆ. ಅವನು ಗಡಿಯಾರ ನೋಡಿದ, ಅವಳು ಎಣಿಸಿದಳು. ಒಂಬತ್ತು. ಒಂಬತ್ತು. ಒಮ್ಮೆ ಎಂಟು, ಆಗ ಅವನ ಕೈ ಚೀಲದತ್ತ ಸರಿಯಿತು. ಆಮೇಲೆ ಮತ್ತೆ ಒಂಬತ್ತು. ಬಿಸಿಲು ನೆಲದ ಮೇಲೆ ಒಂದೊಂದೇ ಹೆಜ್ಜೆ ಸರಿಯುತ್ತಾ, ಅವನ ಮೊಣಕಾಲು ದಾಟಿ ಅವಳ ಸೆರಗು ಮುಟ್ಟಿತು.

"ನಿಮ್ಮನ್ನ ಒಬ್ಬರನ್ನೇ ಇನ್ನೊಂದು ಸಲ ನಿಲ್ಲಿಸಿ ತೂಗಬೇಕಿತ್ತು. ಯಾರೇ ಆಗಿದ್ರೂ ಹಾಗೇ ಮಾಡ್ತಿದ್ದೆ," ಎಂದ ಮೆಲ್ಲಗೆ.

"ಮತ್ತೆ ನನಗ್ಯಾಕೆ ಮಾಡಲಿಲ್ಲ?"

"ನಿಮಗೆ ಮುಜುಗರ ಆಯ್ತು ಅಂತ ಕಾಣಿಸ್ತು. ಆಮೇಲೆ ಕೇಳೋಕೆ ಬಾಯೇ ಬರಲಿಲ್ಲ." ಅವನು ಮಂತ್ರಿಯ ಕಿವಿಯನ್ನು ನೇವರಿಸಿದ. "ದಿನಾ ಈ ಬೀದೀಲೇ ಓಡಾಡ್ತೀನಿ. ನೀವು ಹೊಲಿಗೆ ಹಾಕ್ತಾ ಏನೋ ಪದ್ಯ ಹೇಳ್ಕೋತಿರ್ತೀರಿ. ಇವನು ತಲೆ ಆಡಿಸ್ತಿರ್ತಾನೆ. ನಿಧಾನಕ್ಕೆ ನಡೆದ್ರೆ ಎರಡು ಸಾಲು ಕಿವಿಗೆ ಬೀಳತ್ತೆ. ನಾಲ್ಕು ದಿನದಿಂದ ಕೇಳಿಸಿರಲಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಬಂದ್ರೂ ನಿಮ್ಮ ದೀಪ ಆರದೇ ಇರೋದು ಮಾತ್ರ ಕಾಣ್ತಿತ್ತು."

ಅವಳಿಗೆ ಎಣಿಕೆ ತಪ್ಪಿತು.

"ನನಗೂ ಗೊತ್ತಿತ್ತು," ಎಂದಳು ಕೊನೆಗೆ, ಚಾಪೆಯ ಅಂಚು ನೋಡುತ್ತಾ. "ಸಂಜೆ ಆರು ಗಂಟೆಗೆ ನೀವು ಬರೋ ಹೊತ್ತಿಗೆ ಸರಿಯಾಗಿ ಕಿಟಕಿ ತೆಗೆದಿಡ್ತಿದ್ದೆ."

"ಹಾಗಾದ್ರೆ ಆ ಸುಳ್ಳು...?"

"ನೀವು ಮೊದಲ ಸಲ ನನ್ನ ಬಗ್ಗೆ ಏನೋ ಕೇಳಿದ್ರಿ. ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣಬೇಕು ಅನ್ನಿಸ್ತು. ಅದಕ್ಕೆ ಇವನ ಪ್ರಾಣ ಒತ್ತೆ ಇಟ್ಟುಬಿಟ್ಟೆ." ಅವಳ ಕಣ್ಣು ತುಂಬಿತು. "ಜೊತೆಗೆ ನಿಮ್ಮನ್ನೂ ಬೈದೆ."

"ಬೈದಿದ್ದಕ್ಕೇ ಓಡಿ ಬಂದೆ," ಎಂದ. "ಮುಖ ನೋಡಲ್ಲ ಅಂದ್ರಲ್ಲ, ಅದನ್ನ ತಡೆಯೋಕಾಗಲಿಲ್ಲ."

ಪರದೆಯ ಹಿಂದೆ ದೊಡ್ಡಮ್ಮ ಅನವಶ್ಯಕವಾಗಿ ಕೆಮ್ಮಿದರು.

ನಿಮಿಷಕ್ಕೆ ಹನ್ನೊಂದು... ಹನ್ನೆರಡು... ಉಸಿರು ಹದಿನಾಲ್ಕಕ್ಕೆ ಏರುವಷ್ಟರಲ್ಲಿ ಮಂತ್ರಿಯ ಮೂಗು ಅಲುಗಿತು. ಒಂದು ಕಣ್ಣು ಅರೆತೆರೆಯಿತು. ಇಬ್ಬರನ್ನೂ ಒಮ್ಮೆ ನೋಡಿ, ದೊಡ್ಡದಾಗಿ ಆಕಳಿಸಿ, ತೂರಾಡುತ್ತಾ ಎದ್ದು ನಿಂತು, ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗಿ, ಡಾಕ್ಟರನ ಮಡಿಲಲ್ಲೇ ಕುಸಿದು ಕುಳಿತ.

ಅವಳು ಅಳುತ್ತಲೇ ನಕ್ಕಳು. ಒಸಡು ಗುಲಾಬಿ ಬಣ್ಣಕ್ಕೆ ತಿರುಗುತ್ತಿರುವುದನ್ನು ಅವನು ತೋರಿಸಿದ. ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದಳು.

"ಇನ್ನು ಭಯವಿಲ್ಲ," ಎಂದು ಡಾಕ್ಟರ್ ಚೀಲ ಮುಚ್ಚಿದ. "ನಾನು ಇರಲೇಬೇಕು ಅಂತೇನಿಲ್ಲ."

"ಇರಲೇಬೇಕು ಅಂತಿಲ್ಲದಿದ್ರೂ," ಎಂದಳು ಅವಳು, ಈ ಬಾರಿ ನೇರ ಅವನ ಕಣ್ಣುಗಳನ್ನೇ ನೋಡುತ್ತಾ, "ಇರಬಹುದಲ್ಲ?"

ಅವನು ಚೀಲವನ್ನು ಪಕ್ಕಕ್ಕಿಟ್ಟ.

"ಎಷ್ಟು ಹೊತ್ತು?"

"ನೀವೇ ಹೇಳಿ. ಡಾಕ್ಟರು ನೀವಲ್ವಾ?"