ಕಡಲಪಾಚಿಯ ವಾಸನೆ

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಇಳಿದ ಗುರುಬಸವರಾಜ್ ಹತ್ತಿರ ಬಂದೊಡನೆ, ಸಂಧ್ಯಾರಾಣಿ ಒಂದು ಹೆಜ್ಜೆ ಹಿಂದೆ ಸರಿದಳು.

ಮತ್ತೆ ಅದೇ ವಾಸನೆ! ಮೀನಿನದು!

ಲಿಂಗ ಕಟ್ಟಿದ ಮನೆತನದ ಹುಡುಗ, ತನ್ನ ಕೈಹಿಡಿಯಬೇಕಾದವನು, ಯಾರ ಮನೆಯಲ್ಲಿ ಉಂಡು ಬರುತ್ತಿದ್ದಾನೆ? ಕೇಳಿದಾಗಲೆಲ್ಲ ‘ಲ್ಯಾಬ್ ಕೆಲಸ’ ಎಂಬ ಒಂದೇ ಉತ್ತರ. ಮಕ್ಕಳಿಗೆ ಸತ್ಯವನ್ನು ಬೋಧಿಸುವ ಶಿಕ್ಷಕಿಯ ಬಾಳಿನಲ್ಲಿ ಇಂಥ ವಂಚನೆಗೆ ಎಡೆಯುಂಟೇ?

ಅವನ ಬೆನ್ನಿಗೇ ಒಬ್ಬಳು ನಗುತ್ತ ಇಳಿದಳು. ಅವಳ ಮೈಯಿಂದಲೂ ಅದೇ ವಾಸನೆ...

ಸಂಧ್ಯಾಳ ಎದೆಯಲ್ಲಿ ಕೆಂಡ ಬಿದ್ದಂತಾಯಿತು.

“ಇವರು ಪ್ರೇಮಲತಾ, ನಮ್ಮ ಲ್ಯಾಬಿನೋರು. ನ್ಯಾಮತಿಗೆ ಹೊಂಟಾರೆ,” ಎಂದನು ಗುರು.

“ಮೀನಿನ ಸಾರು ಇವರೇ ಮಾಡಿ ಬಡಿಸ್ತಾರೇನ್ರೀ?”

ಸಂಧ್ಯಾ ನಿಶ್ಚಿತಾರ್ಥದ ಉಂಗುರವನ್ನು ಕಳಚಿ ಅವನ ಅಂಗೈಯಲ್ಲಿಟ್ಟಳು.

“ಅಯ್ಯೋ ಮೇಡಂ!” ಪ್ರೇಮಲತಾ ಬೆಚ್ಚಿದಳು. “ಮೊಟ್ಟೆ ಅಂದ್ರೇನೇ ನಮ್ಮಜ್ಜಿ ಮನೆ ತೊಳಸ್ತಾಳೆ, ಇನ್ನು ಮೀನು! ಸಾರ್, ಆ ಡಬ್ಬಿ ತೋರಿಸ್ರೀ.” ಅಷ್ಟು ಹೇಳಿ ನ್ಯಾಮತಿ ಬಸ್ಸಿನತ್ತ ಓಡಿದಳು.

ಗುರು ಚೀಲದಿಂದ ತೆಗೆದ ಡಬ್ಬಿಯಲ್ಲಿದ್ದುದು ಒಣಗಿದ ಕಂದುಬಣ್ಣದ ಕಡಲಪಾಚಿ; ಅದೇ ಮೀನಿನ ವಾಸನೆ.

“ಲ್ಯಾಬಿನಾಗೆ ಮದ್ಯ ಕುಡಿಸಿದ ಇಲಿಗಳು ಮಂಕಾಗಿ ಮೂಲೆ ಸೇರ್ತಾವೆ,” ಎಂದನು ಗುರು. “ಇದರ ಸಾರ ಕೊಟ್ಟವು ಅಷ್ಟು ಮಂಕಾಗಲ್ಲ ಅನ್ನಂಗೈತೆ. ಅನ್ನಂಗೈತೆ ಅಷ್ಟೇ... ಮನುಷ್ಯರಿಗಿನ್ನೂ ಔಷಧ ಆಗಿಲ್ಲ.”

“ಇಷ್ಟು ಹೇಳಾಕೆ ಏನಾಗಿತ್ತು?”

“ಹೇಳಿದ್ರೆ, ಈ ಕೆಲಸಾನೇ ಯಾಕೆ ಕೇಳಿ ಹಾಕಿಸ್ಕೊಂಡ್ರಿ ಅಂತ ನೀನು ಕೇಳ್ತಿದ್ದೆ. ನಿಶ್ಚಿತಾರ್ಥದ ದಿನ ನಿಮ್ಮಪ್ಪಾರು ಗೋಡೆಗೆ ಮುಖ ಮಾಡಿ ಮಲಗಿದ್ರು. ನೀನು ಬೆನ್ನುನೋವು ಅಂದೆ. ಕುಡಿದೂ ಕುಡಿದೂ ಮನಸ್ಸು ಸತ್ತೈತಪ್ಪಾ ಅಂತ ಅವರೇ ನಂಗೆ ಹೇಳಿದ್ರು... ನೀನು ಮುಚ್ಚಿಟ್ಟಿದ್ದನ್ನ ನಾನು ಹೆಂಗೆ ಬಿಚ್ಚಲಿ?”

ಸಂಧ್ಯಾಳ ಸಿಟ್ಟು ತನ್ನತ್ತಲೇ ತಿರುಗಿತು. ಮರ್ಯಾದೆಯ ಹೆಸರಿನಲ್ಲಿ ಆಡಿದ ಮಾತ್ರಕ್ಕೆ ಸುಳ್ಳು ಸುಳ್ಳಲ್ಲದೆ ಹೋದೀತೇ? ಅಪ್ಪನನ್ನು ವೈದ್ಯರಿಗೂ ತೋರಿಸದೆ ಅವಳು ಕಾಪಾಡಿದ್ದು ಯಾರ ಮಾನವನ್ನು?

“ನಾಳೆ ಅಪ್ಪನ್ನ ದಾವಣಗೆರೆಗೆ, ಮನಸ್ಸಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ,” ಎಂದಳು ತಗ್ಗಿದ ದನಿಯಲ್ಲಿ. “ನೀವೂ... ಬರ್ತೀರಾ?”

“ಯಾವ ಸಂಬಂಧದ ಮೇಲೆ ಬರಲಿ?” ಗುರು ಅಂಗೈ ತೆರೆದ. ಉಂಗುರ ಅಲ್ಲೇ ಇತ್ತು.

ಅವಳು ಬೆರಳು ಚಾಚಿದಳು. ಕಣ್ಣು ತುಂಬಿತ್ತು.

“ಹೊಟ್ಟೆಕಿಚ್ಚು ಆರಿತಾ?” ಉಂಗುರ ತೊಡಿಸುತ್ತ ಕೇಳಿದ.

“ಎಲ್ಲಿ ಆರುತ್ತೆ? ಆಕೆ ನಿಮ್ಮ ಹಿಂದೆ ಅಷ್ಟು ನಗೋದ್ಯಾಕೆ?”

“ನಿನ್ನ ಸುದ್ದಿ ಹೇಳಿ ಹೇಳಿ ತಲೆ ತಿಂತೀನಂತೆ, ಅದಕ್ಕೆ!”

ಸಂಧ್ಯಾ ಕೆಂಪಾದಳು.

“ಅಂಗಿ ಬದಲಿಸ್ಕೊಂಡು ಮನೆಗೆ ಬರಲಾ?”

“ಬ್ಯಾಡ. ಹಿಂಗೇ ಬರ್ರೀ. ಅವ್ವ ಮೂಗು ಮುಚ್ಕೊಂಡು ಕೇಳಿದ್ರೆ, ನಿಜ ಹೇಳ್ತೀನಿ... ಎಲ್ಲಾನೂ.”