ಕುಸುಬಿ ಎಣ್ಣೆ ಕುಡಿದ ದುರ್ಬೀನು

"ತುಳೀಬ್ಯಾಡ್ರೀ!"

ಹೆಣ್ಣು ನೋಡಲು ಬಂದ ವರ, ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ.

ಕನ್ಯೆಯ ಬಾಯಿಂದ ಬಿದ್ದ ಮೊದಲ ಮಾತು ಅದು! ಬಾಗಿಲಲ್ಲಿ ನಿಂತಿದ್ದ ತಾಯಿ ಉಮಾಬಾಯಿ ಹಣೆ ಬಡಿದುಕೊಂಡರು.

ನರ್ಮದಾ ತಾನೇ ಏನು ಮಾಡಿಯಾಳು? ನಾಲ್ಕಕ್ಕೆ ಬರುತ್ತೇವೆಂದವರು ಎರಡಕ್ಕೇ ಬಂದಿಳಿದಿದ್ದರು. ಅವಳು ಅಫಜಲಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಟೀಚರು. ಆ ವರ್ಷ, ತೊಂಬತ್ತೇಳರ ಬೇಸಿಗೆಯಲ್ಲಿ, ಸಂಜೆಯಾದರೆ ಆಕಾಶದಲ್ಲಿ ಬಾಲದ ಚುಕ್ಕಿ ಕಾಣುತ್ತಿತ್ತು. ತನ್ನ ಹುಡುಗಿಯರಿಗೆ ತೋರಿಸಬೇಕೆಂದು ಅಂಚೆಯಲ್ಲಿ ಅಗ್ಗದ ದುರ್ಬೀನು ತರಿಸಿದ್ದಳು. ಗಾಜೇನೋ ಚೆನ್ನಾಗಿತ್ತು. ಅದನ್ನು ಹೊತ್ತ ಮೂರು ಕಾಲಿನ ಸ್ಟ್ಯಾಂಡು ಮಾತ್ರ... ಕೈ ತಾಕಿದರೆ ಸಾಕು, ಚಳಿಜ್ವರ ಬಂದವರಂತೆ ನಡುಗುತ್ತಿತ್ತು! ಅದನ್ನೇ ಬಿಚ್ಚಿ ಪಡಸಾಲೆ ತುಂಬ ಹರವಿಕೊಂಡಿದ್ದಳು.

ವರ ವಾಮನ, ಜೇವರ್ಗಿಯ ಬ್ಯಾಂಕಿನಲ್ಲಿ ಕ್ಲರ್ಕು. ಹಾಸಿದ ಜಮಖಾನೆ ಬಿಟ್ಟು ಆ ಸಾಮಾನಿನ ನಡುವೆಯೇ ಕುಕ್ಕರಗಾಲಲ್ಲಿ ಕುಳಿತ.

"ಅಳ್ಳಾಡತದೇನ್ರಿ?"

"ಹೌದ್ರಿ."

"ಅಳ್ಳಾಡದೇ ಏನ್ಮಾಡೀತು? ಪ್ಲಾಸ್ಟಿಕ್ ವಾಷರ್ ಕೊಟ್ಟಾರ ನೋಡ್ರಿ, ಕಂಜೂಸರು!"

ಹಳೇ ಚಪ್ಪಲಿ ಬೇಡಿ, ತೊಗಲು ಕತ್ತರಿಸಿ ಹೊಸ ವಾಷರ್ ಮಾಡಿದ. ಮೂರು ಕಾಲುಗಳ ನಡುವೆ ಜೋಳದ ಚೀಲ ಜೋತುಬಿಟ್ಟ. ಆ ಭಾರಕ್ಕೆ ಸ್ಟ್ಯಾಂಡು ಗಪ್ಪೆಂದು ನಿಂತಿತು!

ಅವನ ತಾಯಿ ಮಥುರಾಬಾಯಿ ಉಪ್ಪಿಟ್ಟು ತಿನ್ನುತ್ತಲೇ ರೇಗಿದರು. "ಲೇ ವಾಮನ, ನಾವು ಬಂದಿದ್ದು ಹುಡುಗಿ ನೋಡಾಕೋ, ರಿಪೇರಿ ಮಾಡಾಕೋ?"

"ಎರಡೂ ಆಗಾಕತ್ತದ ತಗೋ ಅವ್ವಾ! ಒಂಚೂರು ಎಣ್ಣಿ ಕೊಡ್ರಿ."

"ಹೊಲಿಗಿ ಮಷೀನಿನ ಎಣ್ಣಿ ಬೇಕ್ರಿ," ಎಂದಳು ನರ್ಮದಾ. "ಬಾಜೂಕ ವಜೀರುನ್ನಿಸಾ ಅಕ್ಕನ ಮನ್ಯಾಗ ಅದ, ತರ್ತೇನಿ."

"ಅದ್ಯಾಕ್ರಿ? ಕುಸುಬಿ ಎಣ್ಣಿ ಇಲ್ಲೇನು? ನನ್ನ ಸೈಕಲ್ಲಿಗೆ ಅದನ್ನೇ ಬಿಡ್ತೇನಿ."

"ಸೈಕಲ್ ದಿನಾ ತಿರಗತದ್ರಿ, ಇದು..."

ಅಷ್ಟರಲ್ಲಿ ಉಮಾಬಾಯಿ ಎಣ್ಣೆಯ ಗಿಂಡಿಯನ್ನೇ ತಂದುಕೊಟ್ಟಿದ್ದರು!

ನರ್ಮದಾ ಹಲ್ಲು ಕಚ್ಚಿಕೊಂಡು ಚಹಾ ತರಲು ಒಳಗೆ ಹೋದಳು. ಬರುವಷ್ಟರಲ್ಲಿ ಬಿಚ್ಚಿ, ಎಣ್ಣೆ ಬಿಟ್ಟು, ಸ್ಟ್ಯಾಂಡು ಮತ್ತೆ ಜೋಡಿಸಿಯೂ ಆಗಿತ್ತು. ಹೋಗುವಾಗ ವಾಮನ ಹೇಳಿದ, "ಎಂಟು ದಿನಕ್ಕ ಬಿಚ್ಚಿ ಒರಸ್ರಿ. ಮರೀಬ್ಯಾಡ್ರಿ."

ಮೆಟ್ಟಿಲಿಳಿದವನು ತಿರುಗಿ ಬಂದು ಮತ್ತೆ ಹೇಳಿದ. ಬೀದಿಯ ತಿರುವಿನಿಂದಲೂ ಕೂಗಿ ಹೇಳಿದ.

'ಈಗ್ಲೇ ಇಷ್ಟು ಹುಕುಂ!' ಎಂದುಕೊಂಡಳು. ಆದರೆ ನಗು ತಡೆಯಲಾಗಲಿಲ್ಲ...

ದುರ್ಬೀನು ಬೆಣ್ಣೆಯಂತೆ ತಿರುಗತೊಡಗಿತು. ದಿನಾ ಸಂಜೆ ಚುಕ್ಕಿ ನೋಡುವಾಗ ಆ ಎಣ್ಣೆಗೈಗಳೇ ನೆನಪಾಗುತ್ತಿದ್ದವು. ಅಷ್ಟು ಚಂದ ತಿರುಗುವುದನ್ನು ಯಾರು ಬಿಚ್ಚುತ್ತಾರೆ? ಅವಳೂ ಬಿಚ್ಚಲಿಲ್ಲ.

ಎಂಟು ದಿನವಾಯಿತು. ಹದಿನೈದಾಯಿತು. ಜೇವರ್ಗಿಯಿಂದ ಸುದ್ದಿಯೇ ಇಲ್ಲ! ಒಪ್ಪಿಗೆಯಿದ್ದರೆ ಗಂಡಿನವರೇ ಹೇಳಿ ಕಳಿಸಬೇಕು; ಹೆಣ್ಣಿನವರು ಬಾಯಿ ಬಿಡುವಂತಿಲ್ಲ.

'ಬ್ಯಾಡಾಗೇನಿ ಅವನಿಗೆ...' ದುರ್ಬೀನನ್ನು ಮುಟ್ಟದೆ ಮಾಳಿಗೆಯ ಬಿಸಿಲಲ್ಲೇ ಬಿಟ್ಟಳು.

ಹದಿನೇಳನೆಯ ದಿನ, ಪರೀಕ್ಷೆ ಮುಗಿಸಿದ ನಲವತ್ತು ಹುಡುಗಿಯರು ಸಂಜೆ ಏಳಕ್ಕೆ ಮಾಳಿಗೆಗೆ ಬರುವವರಿದ್ದರು. ಮಧ್ಯಾಹ್ನ ದುರ್ಬೀನು ತಿರುಗಿಸಿ ನೋಡಿದರೆ... ಜಪ್ಪಯ್ಯ ಎಂದರೂ ಅಲುಗಲಿಲ್ಲ! ಬಿಸಿಲಿಗೆ ಕುಸುಬಿ ಎಣ್ಣೆ ಒಣಗಿ ಗೋಂದಿನಂತೆ ಹಿಡಿದುಬಿಟ್ಟಿತ್ತು.

"ಬ್ಯಾಡ ಬ್ಯಾಡಂದ್ರೂ ಸುರುವಿ ಹೋದ! ಮ್ಯಾಲೆ ಒಂದು ಮಾತಿಲ್ಲ, ಕತಿಯಿಲ್ಲ!"

ಬೋಲ್ಟಿಗೆ ಪಾನಾ ಹಾಕಿ ಜಗ್ಗಿದಳು. ಕಣ್ಣಲ್ಲಿ ನೀರು! ಎಣ್ಣೆಯ ಸಿಟ್ಟಿಗೋ, ಮತ್ತೊಂದಕ್ಕೋ...

ಕೊನೆಗೂ ಬೋಲ್ಟು ಸಡಿಲಿತು. ತೊಗಲಿನ ವಾಷರಿನ ಕೆಳಗೆ, ಪ್ಯಾಕಿಂಗಿಗೆಂದು ಮಡಚಿಟ್ಟ ಬ್ಯಾಂಕಿನ ಚೀಟಿಯೊಂದಿತ್ತು. ಬಿಡಿಸಿದಳು. ಪೆನ್ಸಿಲಿನ ಅಕ್ಷರ.

'ನನಗೆ ಒಪ್ಪಿಗೆ ಇದೆ. ನಿಮಗೆ? ನಿಮ್ಮ ಮಾತು ಬರುವವರೆಗೂ ಮನೆಯಲ್ಲಿ ಏನೂ ಹೇಳುವುದಿಲ್ಲ. ವಾಮನ.'

ಚೀಟಿಯ ತಲೆಯ ಮೇಲೆ ಬ್ಯಾಂಕಿನ ಫೋನ್ ನಂಬರು ಅಚ್ಚಾಗಿತ್ತು. ನರ್ಮದಾ ಎಣ್ಣೆಗೈಯಲ್ಲೇ ಸೈದಪ್ಪನ ಎಸ್‌ಟಿಡಿ ಬೂತಿಗೆ ಓಡಿದಳು.

"ಹಲೋ, ವಾಮನ ಮಾತಾಡಾಕತ್ತೇನಿ."

"ಕುಸುಬಿ ಎಣ್ಣಿ ಅಂಟಾಗ್ಯದ್ರಿ!"

"...ಬಿಚ್ಚಿದ್ರೇನ್ರಿ?"

"ಬಿಚ್ಚದೇ ಏನ್ಮಾಡ್ಲಿ! ಯಾರ್ರಿ ವಾಷರ್ ಕೆಳಗ ಲಗ್ನ ಕೇಳೋರು?"

"ಎಂಟು ದಿನಕ್ಕ ಬಿಚ್ರಿ ಅಂತ ಮೂರು ಸಲ ಹೇಳಿದ್ನೆಲ್ರಿ! ಮಾತು ಬರ್ಲಿಲ್ಲ... ನಿಮಗ ಮನಸಿಲ್ಲ ಅಂತ ಸುಮ್ನ ಕುಂತೆ."

"ಬಾಯಿಲೆ ಕೇಳಾಕ ಏನಾಗಿತ್ತು?"

"ಅಷ್ಟು ಮಂದಿ ಮುಂದ ಕೇಳಿದ್ರ ನೀವು ಹೂಂ ಅನ್ಲೇಬೇಕಾಗ್ತಿತ್ತು. ಹಂಗಾಗೋದು ನನಗ ಬ್ಯಾಡಾಗಿತ್ರಿ."

ನರ್ಮದಾ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಸೈದಪ್ಪ ಪೇಪರ್ ಮರೆಯಲ್ಲಿ ಕಿವಿ ನಿಮಿರಿಸಿದ್ದ.

"ಮತ್ತ... ಉತ್ತರ ಏನ್ರಿ?"

"ಮೊದ್ಲು ಬಂದು ಅಂಟು ತೆಗೀರಿ!"

ಫೋನ್ ಇಟ್ಟೇಬಿಟ್ಟಳು.

ಆರೂವರೆಗೆ ವಾಮನ ಬೆವರೊರೆಸಿಕೊಳ್ಳುತ್ತ ಮಾಳಿಗೆ ಹತ್ತಿದ. ಒಂದು ಕೈಯಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ಮಷೀನಿನ ಎಣ್ಣೆ! ಅವನು ಒರೆಸಿ ಕೊಟ್ಟ, ಅವಳು ಜೋಡಿಸಿದಳು. ನಲವತ್ತು ಹುಡುಗಿಯರೂ ಸಾಲಾಗಿ ಬಂದು, ಚುಕ್ಕಿಯನ್ನೂ ವಾಮನನನ್ನೂ ನೋಡಿ, ಕಿಸಿಕಿಸಿ ನಗುತ್ತ ಇಳಿದು ಹೋದರು.

ಕೆಳಗೆ ಉಮಾಬಾಯಿ ರೊಟ್ಟಿ ಬಡಿಯುವ ಸದ್ದು.

"ಉತ್ತರ ಇನ್ನಾ ಬಂದಿಲ್ರಿ..."

"ಹೊಸಾ ಪ್ಯಾಕಿಂಗ್ ಹಾಕೇನಲ್ರಿ. ಅದರಾಗ ಬರ್ದೇನಿ."

ವಾಮನ ತಟ್ಟನೆ ಪಾನಾ ಎತ್ತಿಕೊಂಡ.

"ಅಯ್ಯ, ಈಗ ಬಿಚ್ಚಬ್ಯಾಡ್ರಿ! ನಾ ಇವತ್ತ ಇನ್ನಾ ಚುಕ್ಕಿ ನೋಡೇ ಇಲ್ಲ!"

"ಮತ್ತ ನಾ ಎಂಟು ದಿನ ಕಾಯ್ಲೇನ್ರಿ?"

ನರ್ಮದಾ ಮೆಟ್ಟಿಲ ಕಡೆ ನೋಡಿದಳು. ಪಕ್ಕದ ಮಾಳಿಗೆಯ ಕಡೆಗೂ ನೋಡಿದಳು.

"ಮುಂದ ಯಾರೂ ಇಲ್ಲ ನೋಡ್ರಿ. ಹೂಂ ಅನ್ಲೇಬೇಕಂತೇನಿಲ್ಲ ನಾ."

"ಇಲ್ರಿ..." ಅವನ ದನಿ ಇಳಿಯಿತು.

"ಹೂಂ," ಎಂದಳು ನರ್ಮದಾ.